ಕ್ಲೇಮ್‌ನಲ್ಲಿ ಬೊಜ್ಜಿನ ಕೋಡ್ ಇಲ್ಲ ಅಂದರೆ ತೂಕ ಸರಿಯಾಗಿದೆ ಅಂತಲಾ?

ಪ್ರಶ್ನೆ: ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಅಮೆರಿಕದ ಆರೋಗ್ಯ ವಿಮೆಯ ಕ್ಲೇಮ್ ಡೇಟಾ ಸಿಕ್ಕಿದೆ. ಬೊಜ್ಜಿನ ಕೋಡ್ ಇರುವವರು ಒಂದು ಗುಂಪು, ಇಲ್ಲದವರೆಲ್ಲ ಸಾಮಾನ್ಯ ತೂಕದವರು ಅಂತ ಇನ್ನೊಂದು ಗುಂಪು ಮಾಡಿ ಖರ್ಚು ಹೋಲಿಸಬೇಕು ಅಂದುಕೊಂಡಿದ್ದೇನೆ. ಸರಿ ಹೋಗುತ್ತಾ?

ಉತ್ತರ: ಮೊದಲನೇ ಗುಂಪು ಪರವಾಗಿಲ್ಲ. ಎರಡನೇದು ಮಾತ್ರ ದಯವಿಟ್ಟು ಬೇಡ.

ಕ್ಲೇಮ್ ಅಂದರೆ ಆಸ್ಪತ್ರೆ ವಿಮಾ ಕಂಪನಿಗೆ ಕಳಿಸುವ ಬಿಲ್ಲು, ಯಾವ ಕಾಯಿಲೆ ಅನ್ನುವುದನ್ನು ಅದರಲ್ಲಿ ಕೋಡ್ ಆಗಿ ಬರೆದಿರುತ್ತಾರೆ. ಅದು ಹುಟ್ಟುವುದೇ ದುಡ್ಡು ಪಡೆಯುವುದಕ್ಕೆ. ಒಬ್ಬರು ಕೆಮ್ಮು ಅಂತ ಆಸ್ಪತ್ರೆಗೆ ಬರುತ್ತಾರೆ. ನರ್ಸ್ ತೂಕ ನೋಡಿ 87 ಕೆ.ಜಿ. ಅಂತ ಬರೆದುಕೊಳ್ಳುತ್ತಾರೆ, ಎತ್ತರ 168 ಸೆಂ.ಮೀ. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಅಂಕಿ, 30.8. ಮೂವತ್ತು ದಾಟಿತು, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಬೊಜ್ಜೇ. ಆದರೆ ಡಾಕ್ಟರ್ ನೋಡಿದ್ದು ಕೆಮ್ಮು, ಔಷಧಿ ಕೊಟ್ಟಿದ್ದು ಕೆಮ್ಮಿಗೆ, ಬಿಲ್ಲಿನ ಜೊತೆ ಹೋಗಿದ್ದೂ ಕೆಮ್ಮಿನ ಕೋಡೇ. ಆ 87 ಆಸ್ಪತ್ರೆಯ ಫೈಲಿನಲ್ಲೇ ಉಳಿಯಿತು. ನಿಮ್ಮ ಕೈಯಲ್ಲಿರುವುದು ಬಿಲ್ಲು, ಫೈಲಲ್ಲ ಅಲ್ವಾ?

ಅಲ್ಲಿನ ಕೋಡಿಂಗ್ ನಿಯಮವೂ ಹಾಗೇ ಇದೆ. ಬಿಎಂಐ ಅಂಕಿಯನ್ನು ನರ್ಸ್ ಬರೆದಿದ್ದರೂ ನಡೆಯುತ್ತದೆ, ಆದರೆ ಬೊಜ್ಜು ಅಂತಲೋ ಅಂಥದ್ದೇ ಇನ್ನೊಂದು ಕಾಯಿಲೆ ಅಂತಲೋ ಡಾಕ್ಟರೇ ಬರೆಯಬೇಕು. ಆಗ ಮಾತ್ರ ಅದರ ಜೊತೆಗೆ ಝಡ್68 ಅನ್ನುವ ಬಿಎಂಐ ಕೋಡ್ ಹಾಕಬಹುದು.

ಸುಮ್ನೆ ಒಂದು ಲೆಕ್ಕ ಮಾಡೋಣ, ಅಂಕಿಗಳು ಉದಾಹರಣೆಗಷ್ಟೇ. 1,000 ಜನರಲ್ಲಿ 300 ಜನಕ್ಕೆ ನಿಜವಾಗಿ ಬೊಜ್ಜಿದೆ. ಕೋಡ್ ಬಿದ್ದಿರುವುದು 60 ಜನಕ್ಕೆ, ಅವರಲ್ಲಿ 57 ಜನಕ್ಕೆ ಬೊಜ್ಜಿರುವುದು ನಿಜ. ಅಂದರೆ ಕೋಡ್ ಇದ್ದರೆ ನೂರಕ್ಕೆ 95 ಸಲ ನಂಬಬಹುದು. ಕೋಡ್ ಇಲ್ಲದ 940 ಜನರಲ್ಲಿ? 243 ಜನಕ್ಕೆ ಬೊಜ್ಜಿದೆ! ನೀವು ‘ಸಾಮಾನ್ಯ’ ಅಂತ ಕರೆಯಲು ಹೊರಟ ಗುಂಪಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಕ್ಲೇಮನ್ನೂ ಅಳೆದ ತೂಕವನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮತ್ತೆ ಮತ್ತೆ ಕಂಡಿರುವುದು ಇದೇ ರೀತಿಯ ಚಿತ್ರ. ಬೊಜ್ಜಿನ ಮಟ್ಟಕ್ಕೆ ಹೋಗದ ಹೆಚ್ಚು ತೂಕ, ಅಂದರೆ ಬಿಎಂಐ 25ರಿಂದ 29.9, ಇನ್ನೂ ಜಾಸ್ತಿ ತಪ್ಪಿಹೋಗುತ್ತದೆ.

ತಪ್ಪಿಹೋದವರು ಯಾರು ಅನ್ನುವುದು ನನಗೆ ಇನ್ನೂ ಮುಖ್ಯ. ತೂಕ ತೀರಾ ಜಾಸ್ತಿ ಇರುವವರು, ತೂಕ ಇಳಿಸುವ ಆಪರೇಷನ್ನಿಗೆ ಬಂದವರು, ಜೊತೆಗೆ ನಾಲ್ಕು ಕಾಯಿಲೆ ಇದ್ದು ಪದೇ ಪದೇ ಆಸ್ಪತ್ರೆಗೆ ಹೋಗುವವರು, ಇಂಥವರಿಗೇ ಕೋಡ್ ಬೀಳುವುದು ಹೆಚ್ಚು. ಇವರ ಖರ್ಚು ಹೇಗೂ ಜಾಸ್ತಿಯೇ. ಬೊಜ್ಜಿದ್ದೂ ಆರಾಮಾಗಿರುವವರು ಆ ಕಡೆ ಗುಂಪಿನಲ್ಲಿ ಸೇರಿಕೊಂಡಿರುತ್ತಾರೆ. ಹಾಗಾಗಿ ‘ಬೊಜ್ಜಿನ ಖರ್ಚು ಇಷ್ಟು’ ಅಂತ ನೀವು ಬರೆದರೆ ಅದರಲ್ಲಿ ಎಷ್ಟು ತೂಕದ್ದು, ಎಷ್ಟು ಬೇರೆ ಕಾಯಿಲೆಗಳದ್ದು ಅಂತ ಬಿಡಿಸುವುದು ಕಷ್ಟ.

ವರ್ಷಗಳನ್ನೂ ಗಮನಿಸಿ. ಈ ಕಾಯಿಲೆ ಕೋಡ್‌ಗಳ ಪಟ್ಟಿಗೆ ಐಸಿಡಿ ಅನ್ನುತ್ತಾರೆ; 2015ರ ಅಕ್ಟೋಬರ್ 1ಕ್ಕೆ ಅಲ್ಲಿ ಐಸಿಡಿ-9 ಹೋಗಿ ಐಸಿಡಿ-10 ಬಂತು. 2024ರ ಅಕ್ಟೋಬರ್‌ನಿಂದ ಬೊಜ್ಜಿನ ಮೂರು ದರ್ಜೆಗೂ ಬೇರೆ ಬೇರೆ ಕೋಡ್ ಇದೆ. ಆ ತಿಂಗಳುಗಳಲ್ಲಿ ಗ್ರಾಫ್ ಏಕಾಏಕಿ ಏರಿದರೆ ಜನ ದಪ್ಪಗಾದರು ಅಂತ ಬರೆದುಬಿಡಬೇಡಿ. ಕಡಿಮೆ ತೂಕದವರ ವಿಷಯದಲ್ಲೂ ಹುಷಾರು: ಝಡ್68.1 ಅಂದರೆ ಬಿಎಂಐ 19.9 ಅಥವಾ ಅದಕ್ಕಿಂತ ಕೆಳಗೆ, ಆದರೆ ಕಡಿಮೆ ತೂಕದ ಗಡಿ 18.5. ಸಾಮಾನ್ಯ ತೂಕವೇ ಆದ ಬಿಎಂಐ 19 ಕೂಡ ಅದೇ ಕೋಡಿಗೆ ಬರುತ್ತದೆ.

ಎರಡನೇ ಗುಂಪಿಗೆ ‘ತೂಕ ಗೊತ್ತಿಲ್ಲ’ ಅಂತ ಹೆಸರಿಡಿ. ಸ್ವಲ್ಪ ಜನರದ್ದಾದರೂ ಅಳೆದ ತೂಕ, ಎತ್ತರ ಆಸ್ಪತ್ರೆಯ ದಾಖಲೆಯಿಂದ ಸಿಗುತ್ತದಾ ಕೇಳಿ, ಸಿಕ್ಕರೆ ಕೋಡ್ ಎಷ್ಟು ತಪ್ಪಿಸುತ್ತದೆ ಅಂತ ನೀವೇ ಅಳೆಯಬಹುದು.

ಪ್ರಶ್ನೆ: ಸಕ್ಕರೆ ಕಾಯಿಲೆ, ಬಿಪಿ ಕೋಡ್ ನೋಡಿ ತೂಕ ಊಹಿಸಿದರೆ?

ಉತ್ತರ: ಬೇಡ. ಸಣ್ಣಗಿರುವವರಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಅದೂ ಅಲ್ಲದೆ ಸಕ್ಕರೆ ಕಾಯಿಲೆ ನೋಡಿ ಬೊಜ್ಜು ಅಂದುಕೊಂಡು, ಆಮೇಲೆ ಬೊಜ್ಜಿದ್ದವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಅಂತ ತೋರಿಸಿದರೆ, ನೀವೇ ಹಾಕಿದ್ದನ್ನು ನೀವೇ ತೆಗೆದ ಹಾಗಾಯಿತು.