ಶಾಕುಹಾಚಿ "ಎಲ್ಲಾ ಒಂದೇ ತರಹ ಕೇಳಿಸುತ್ತೆ" ಅಂದವರಿಗೆ: ಮೊದಲು ಆ ಹತ್ತು ಗಂಟೆಯ ವಿಡಿಯೊ ನಿಲ್ಲಿಸಿ

ಸರ್, "ನಿದ್ದೆಗೆ ಜಪಾನಿ ಬಿದಿರಿನ ಕೊಳಲು" ಅನ್ನೋ ಹತ್ತು ಗಂಟೆಯ ವಿಡಿಯೊ ಹಾಕಿಕೊಂಡು ಕೇಳಿದೆ, ಶಾಕುಹಾಚಿ ಅನ್ನೋ ಈ ಕೊಳಲಿನಲ್ಲಿ ಎಲ್ಲಾ ಒಂದೇ ತರಹ ಇದೆ, ಇದರಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ನಾನೂ ಶುರು ಮಾಡಿದ್ದು ಅಲ್ಲಿಂದಲೇ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇಂಥ ವಿಡಿಯೊಗಳಲ್ಲಿ ಎಷ್ಟೋ ಸಲ ನುಡಿಸುವವರೇ ಇರುವುದಿಲ್ಲ, ಕೀಬೋರ್ಡಿನಲ್ಲಿ ತುಂಬಿಟ್ಟ ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರದ ತುಣುಕು, ಇರುತ್ತೆ. ಪೀಟರ್ ಗೇಬ್ರಿಯಲ್ ಅವರ 1986ರ ಸ್ಲೆಡ್ಜ್‌ಹ್ಯಾಮರ್ ಹಾಡಿನ ಶುರುವಿನಲ್ಲಿ ಬರುವ ಶಾಕುಹಾಚಿ ಕೂಡ ಸ್ಯಾಂಪಲ್ಲೇ. ಪಾಪ್ ಹಾಡಿಗೆ ಅದು ಸರಿ. ಆದರೆ ಸ್ಯಾಂಪಲ್‌ನಲ್ಲಿ ಪ್ರತಿ ಸ್ವರವೂ ಒಂದೇ ರೀತಿ ಶುರುವಾಗಿ ಒಂದೇ ರೀತಿ ಮುಗಿಯುತ್ತೆ. ಶಾಕುಹಾಚಿಯಲ್ಲಿ ಕೇಳಬೇಕಾದದ್ದು ಆ ಶುರು ಮತ್ತು ಆ ಮುಗಿಯುವಿಕೆಯನ್ನೇ. ಅದು ಹೋದ ಮೇಲೆ ಎಲ್ಲಾ ಒಂದೇ ತರಹ ಕೇಳಿಸದೆ ಇನ್ನೇನಾಗುತ್ತೆ?

ಶಾಕುಹಾಚಿ ವಾದಕ ಯಾಮಾಗುಚಿ ಗೊರೊ ಅವರ "ಎ ಬೆಲ್ ರಿಂಗಿಂಗ್ ಇನ್ ದಿ ಎಂಪ್ಟಿ ಸ್ಕೈ" ಹುಡುಕಿ. 1969ರಲ್ಲಿ ನಾನ್‌ಸಚ್ ಕಂಪನಿ ತಂದ ಎಲ್‌ಪಿ. ಅದರಲ್ಲಿ ಇರುವುದು ಎರಡೇ ಕೃತಿ, ಬದಿಗೊಂದು. ಒಂದು ಕೊಕ್ಕರೆಗಳು ಗೂಡು ಕಟ್ಟಿ ಮರಿ ಸಾಕುವ ಕೃತಿ, ತ್ಸುರು ನೊ ಸುಗೊಮೊರಿ. ಇದನ್ನೇ ಸೊಕಾಕು ರೇಬೊ ಅಂತಲೂ ಕರೆಯುತ್ತಾರೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಹೋದ ಚಿನ್ನದ ಲೇಪದ ಧ್ವನಿಮುದ್ರಿಕೆ ತಟ್ಟೆಯಲ್ಲಿ ಇದರ ಐದು ನಿಮಿಷದಷ್ಟು ಭಾಗ ಇದೆ. ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದೇ ತಟ್ಟೆಯಲ್ಲಿದೆ. ಆದರೆ ಆ ತುಣುಕಿಗೇ ನಿಲ್ಲಬೇಡಿ, ಪೂರ್ತಿ ಕೇಳಿ.

ಕೇಳುವ ರೀತಿ ಹೇಳುತ್ತೇನೆ, ನನಗೆ ಕೆಲಸ ಮಾಡಿದ್ದು ಇದೊಂದೇ. ಒಂದೇ ಕೃತಿ ಇಟ್ಟುಕೊಳ್ಳಿ. ಬೇರೇನೂ ಕೆಲಸ ಬೇಡ, ಫ್ಯಾನ್ ಆಫ್ ಮಾಡಿ. ಮೊದಲ ಸಲ ರಾಗ ಹುಡುಕಬೇಡಿ, ಒಂದೇ ಒಂದು ಸ್ವರ ಹಿಡಿದುಕೊಂಡು ಅದರ ಹಿಂದೆ ಹೋಗಿ. ಮೊದಲು ಬರೀ ಗಾಳಿ ಬರುತ್ತೆ. ಆಮೇಲೆ ಸ್ವರ ತನ್ನ ಜಾಗಕ್ಕಿಂತ ಸ್ವಲ್ಪ ಕೆಳಗೆ ಕಾಣಿಸಿಕೊಳ್ಳುತ್ತೆ, ಯಾಕೆಂದರೆ ನುಡಿಸುವವರು ಗಲ್ಲ ತಗ್ಗಿಸಿರುತ್ತಾರೆ. ಇದೇ ಮೆರಿ. ಗಲ್ಲ ಎತ್ತಿದ ಹಾಗೆ ಸ್ವರ ಮೇಲೇರಿ ತುಂಬಿಕೊಳ್ಳುತ್ತೆ, ಅದು ಕರಿ. ಕೊನೆಗೆ ಮತ್ತೆ ತೆಳುವಾಗಿ ಉಸಿರಲ್ಲೇ ಕರಗುತ್ತೆ. ಇಷ್ಟಕ್ಕೂ ಇರುವುದು ಐದೇ ರಂಧ್ರ, ಮುಂದೆ ನಾಲ್ಕು, ಹಿಂದೆ ಒಂದು. ಉಳಿದದ್ದೆಲ್ಲಾ ತುಟಿ, ಕತ್ತು, ಅರ್ಧ ಮುಚ್ಚಿದ ಬೆರಳು. ಕೊಕ್ಕರೆ ಕೃತಿಯಲ್ಲಿ ಎರಡು ರಂಧ್ರಗಳ ಮೇಲೆ ಬೆರಳು ಸರಸರ ಆಡಿಸುವ ಕೊರೊಕೊರೊ ಬರುತ್ತೆ, ಗಂಟಲು ಅದುರಿಸುವ ತಮಾನೆ ಬರುತ್ತೆ. ಹಕ್ಕಿಯ ಕೂಗು, ರೆಕ್ಕೆ ಬಡಿತ ಎರಡೂ ಅಲ್ಲೇ ಇವೆ. ಎರಡನೇ ಸಲ ಸ್ವರದ ನಡುವಿನ ಮೌನ ಕೇಳಿ. ರಾಗ, ವಿನ್ಯಾಸ ಎಲ್ಲಾ ಮೂರನೇ ಸಲಕ್ಕೆ.

ನಮ್ಮ ಕಿವಿ ಇಲ್ಲೊಂದು ತೊಂದರೆ ಕೊಡುತ್ತೆ. ತಂಬೂರಿ ಇಲ್ಲ, ತಾಳ ಇಲ್ಲ, ಆದರೂ ನಾವು ಕಾಯುತ್ತಾ ಕೂರುತ್ತೇವೆ, ಆಲಾಪ ಮುಗಿದ ಮೇಲೆ ಏನೋ ಬರುತ್ತೆ ಅಂತ. ಏನೂ ಬರುವುದಿಲ್ಲ ಸರ್. ಹೊಂಕ್ಯೊಕು, ಅಂದರೆ ಶಾಕುಹಾಚಿಯ ಮೂಲ ಒಂಟಿ ಕೃತಿಗಳು, ಇರುವುದೇ ಹಾಗೆ. ಕೆಲವು ಕಡೆ ಕರ್ನಾಟಕ ಸಂಗೀತದ ಹೆಸರಲ್ಲಿ ಸ, ಶುದ್ಧ ರಿ, ಶುದ್ಧ ಮ, ಪ, ಶುದ್ಧ ಧ (ಹಿಂದೂಸ್ತಾನಿಯಲ್ಲಿ ಕೋಮಲ ರಿ, ಕೋಮಲ ಧ) ಬರುತ್ತೆ, ಹಿಂದೂಸ್ತಾನಿಯವರಿಗೆ ತಕ್ಷಣ ಗುಣಕ್ರಿ ರಾಗ ನೆನಪಾಗುತ್ತೆ. ನೆನಪಾಗಲಿ, ಆದರೆ ಗುಣಕ್ರಿಯ ಲೆಕ್ಕದಲ್ಲಿ ಅಳೆಯಬೇಡಿ. ಇದನ್ನು ಬೆಳೆಸಿದವರು ತಲೆ ಮೇಲೆ ಬುಟ್ಟಿಯಂಥ ಟೋಪಿ ಹಾಕಿಕೊಂಡು ಊರೂರು ಸುತ್ತಿದ ಕೊಮುಸೊ ಸನ್ಯಾಸಿಗಳು. ಅವರಿಗೆ ಊದುವುದೇ ಧ್ಯಾನ. 1871ರಲ್ಲಿ ಸರ್ಕಾರ ಅವರ ಫುಕೆ ಪಂಥವನ್ನೇ ರದ್ದು ಮಾಡಿತು, ಸಂಗೀತ ಮಾತ್ರ ಉಳಿಯಿತು.

ಯಾಮಾಗುಚಿ ಚೆನ್ನಾಗಿ ಕಿವಿಗೆ ಕೂತ ಮೇಲೆ ವಾತಾಜುಮಿ ದೋಸೊ ಕೇಳಿ. ಮೊದಲೇ ಕೇಳಿದರೆ ಓಡಿಹೋಗುತ್ತೀರಿ. ಅವರು ಒಳಗೆ ಅರಗು ಬಳಿಯದ ಒರಟು ಬಿದಿರು ಊದುತ್ತಿದ್ದರು, ಅದಕ್ಕೆ ಹೊಚಿಕು ಅಂತ ಹೆಸರು. ಯಾಮಾಗುಚಿ ಅವರಲ್ಲಿ ನಯ ಇದ್ದರೆ ಇಲ್ಲಿ ಬಿದಿರು ಸೀಳಿಕೊಂಡು ಬರುವ ಗಾಳಿ ಇದೆ. ವಾತಾಜುಮಿ ಅವರ ಶಿಷ್ಯ ಯೊಕೊಯಾಮಾ ಕತ್ಸುಯಾ ಇವೆರಡನ್ನೂ ಬಲ್ಲವರು, ನನಗೆ ಎಲ್ಲರಿಗಿಂತ ಇಷ್ಟ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ನುಡಿಸಿದ, ಸಂಗೀತ ರಚನಕಾರ ತಕೆಮಿತ್ಸು ಅವರ "ನವೆಂಬರ್ ಸ್ಟೆಪ್ಸ್"ನ ಶಾಕುಹಾಚಿ ಇವರದೇ, ಬಿವಾ ಅನ್ನೋ ಜಪಾನಿ ತಂತಿವಾದ್ಯ ತ್ಸುರುತಾ ಕಿನ್ಶಿ ಅವರದು, ಆರ್ಕೆಸ್ಟ್ರಾ ನಡೆಸಿದವರು ಒಜಾವಾ ಸೇಜಿ. ಒಜಾವಾ ಅವರೇ ಟೊರೊಂಟೊ ಸಿಂಫನಿ ಜೊತೆ ಮಾಡಿದ ರೆಕಾರ್ಡಿಂಗ್ ಸಿಗುತ್ತೆ. ಆದರೆ ಅದನ್ನೇ ಮೊದಲು ಹಾಕಬೇಡಿ, ಯೊಕೊಯಾಮಾ ಅವರ ಒಂಟಿ ಹೊಂಕ್ಯೊಕು ಕೇಳಿ ಆಮೇಲೆ ಅಲ್ಲಿಗೆ ಹೋಗಿ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಯಾರೋ "ಮ್ಯೂಸಿಕ್ ಫಾರ್ ಝೆನ್ ಮೆಡಿಟೇಶನ್" ರೆಕಾರ್ಡ್ ಕೇಳಿ ಅಂತ ಹೇಳಿದ್ದಾರೆ. 1964ರ ಒಳ್ಳೆ ರೆಕಾರ್ಡೇ, ಶಾಕುಹಾಚಿ ವಾದಕ ಯಾಮಾಮೊತೊ ಹೊಜಾನ್ ಅದರಲ್ಲಿದ್ದಾರೆ. ಆದರೆ ಮುಂದೆ ನಿಲ್ಲುವುದು ಟೋನಿ ಸ್ಕಾಟ್ ಅವರ ಕ್ಲ್ಯಾರಿನೆಟ್. ಶಾಕುಹಾಚಿ ಕಲಿಯಲಿ ಅಂತ ಹೊಸಬರಿಗೆ ಅದನ್ನು ಕೊಡುವುದು ಸರಿಯಲ್ಲ. ಹೊಜಾನ್ ಬೇಕು ಅಂದರೆ 1970ರ "ಗಿಂಕಾಯ್" ಕೊಡಿ, ಪಿಯಾನೊ ಕಿಕುಚಿ ಮಸಾಬುಮಿ ಅವರದು. ಅಲ್ಲಿ ಜಾಸ್ ಮಧ್ಯದಲ್ಲೂ ಬಿದಿರು ಬಿದಿರಾಗಿಯೇ ಇದೆ.

ಇನ್ನೊಂದು, ಹಳೆ ಎಲ್‌ಪಿಗಳನ್ನು "ಕ್ಲೀನ್" ಮಾಡಿ ಹಾಕಿರುವ ಅಪ್‌ಲೋಡ್ ಬೇಡ. ಹಿಸ್ (ಹಿನ್ನೆಲೆಯ ಸುಯ್ ಸದ್ದು) ತೆಗೆಯುವಾಗ ಉಸಿರೂ ಅದರ ಜೊತೆ ಹೋಗಿರುತ್ತೆ. ಫೋನಿನ ಈಕ್ವಲೈಜರ್‌ನಲ್ಲಿ ಬಾಸ್ ಏರಿಸಿದ್ದರೆ ಇಳಿಸಿ. ದೊಡ್ಡ ಬಾಸ್ ಇರುವ ಬ್ಲೂಟೂತ್ ಸ್ಪೀಕರ್‌ಗಿಂತ ಸಾದಾ ವೈರ್ ಇಯರ್‌ಫೋನ್ ಎಷ್ಟೋ ವಾಸಿ.

ಕೊನೆಗೆ ಕೊಳ್ಳುವ ಮಾತು. ಆನ್‌ಲೈನಿನಲ್ಲಿ ಅಗ್ಗದ ಬಿದಿರಿನದು ನೋಡಿದೆ, ತರಿಸಲಾ ಅಂದಿರಿ. ಬೇಡ. ಅಂಥವು ಎಷ್ಟೋ ಸುಮ್ನೆ ಗೋಡೆಗೆ ತೂಗುಹಾಕುವ ಸಾಮಾನು, ಶ್ರುತಿಯೇ ನಿಲ್ಲುವುದಿಲ್ಲ. ಒಳ್ಳೆ ಬಿದಿರಿನದು ದುಬಾರಿ, ಮೇಲಾಗಿ ಕಲಬುರಗಿ ಬಿಸಿಲಿಗೋ ಎಸಿ ರೂಮಿನ ಒಣ ಗಾಳಿಗೋ ಬಿರುಕು ಬಿಡುವ ಭಯ ಬೇರೆ. ಕಲಿಯೋದಕ್ಕೆ ಎಬಿಎಸ್ ಪ್ಲಾಸ್ಟಿಕ್‌ನ "ಶಾಕುಹಾಚಿ ಯೂ" ಸಾಕು, 1.8 ಶಾಕು (ಜಪಾನಿ ಅಳತೆ) ಉದ್ದದ್ದೇ ತಗೊಳ್ಳಿ, ಅಂದರೆ ಸುಮಾರು 54.5 ಸೆಂಟಿಮೀಟರ್. ಬಾನ್ಸುರಿ ಬರುತ್ತೆ ಅನ್ನೋ ಧೈರ್ಯದಲ್ಲಿ ಹೋಗಬೇಡಿ. ಅದು ಅಡ್ಡ, ಇದು ನೆಟ್ಟಗೆ, ತುದಿಯ ಚೂಪು ಅಂಚಿಗೆ ಊದಬೇಕು. ಶುರುವಿನಲ್ಲಿ ಬರೀ ಗಾಳಿ ಬರುತ್ತೆ, ತಲೆ ತಿರುಗಿದರೆ ಕೂತುಬಿಡಿ, ಹಟ ಬೇಡ. ಯಾವ ಹಾಡಿಗೂ ಕೈ ಹಾಕದೆ ದಿನಾ ಹತ್ತು ನಿಮಿಷ ಎಲ್ಲಾ ರಂಧ್ರ ಮುಚ್ಚಿ "ರೊ" ಸ್ವರ ಒಂದನ್ನೇ ಊದಿ. ಅದು ನಡುಗದೆ ನಿಂತ ಮೇಲೆ ಇಲ್ಲಿ ರೆಕಾರ್ಡ್ ಮಾಡಿ ಹಾಕಿ, ಕೇಳಿ ಹೇಳುತ್ತೇನೆ.