ದೇವರು ಹೃದಯವನ್ನು ನೋಡುತ್ತಾನೆ ಎಂದಮೇಲೆ ಆರಾಧನೆಯ ಹಾಡಿಗೆ ಇಷ್ಟೊಂದು ಅಭ್ಯಾಸ ಏಕೆ?

ನಿಮ್ಮ ಗಾಯನ ತಂಡದಲ್ಲಿ ಶನಿವಾರದ ಅಭ್ಯಾಸ ತಪ್ಪಿಸುವವರು ಈ ಮಾತನ್ನೇ ಮುಂದೊಡ್ಡುತ್ತಾರೆ, ಅವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನಾನು ಹದಿನೈದು ವರ್ಷಗಳಿಂದ ಕನ್ನಡ ಕ್ರೈಸ್ತ ಸಭೆಯೊಂದರಲ್ಲಿ ಹಾರ್ಮೋನಿಯಂ, ಈಚೆಗೆ ಕೀಬೋರ್ಡ್, ನುಡಿಸುತ್ತಿದ್ದೇನೆ. ಆ ಮಾತು ನನ್ನ ಬಾಯಿಂದಲೂ ಬಂದದ್ದುಂಟು, ಅದೂ ಅಭ್ಯಾಸವಿಲ್ಲದೆ ಹೋಗಿ ಕುಳಿತ ಭಾನುವಾರಗಳಂದೇ.

ಅದು ಬೈಬಲಿನ 1 ಸಮುವೇಲ 16ನೇ ಅಧ್ಯಾಯದ 7ನೇ ವಚನದ ಮಾತು. ಅಲ್ಲಿಗೇ ನಿಲ್ಲಿಸದೆ ಅದೇ ಅಧ್ಯಾಯವನ್ನು ಮುಂದಕ್ಕೆ ಓದಿ. ಅರಸ ಸೌಲನ ಸೇವಕರು ಕಿನ್ನರಿಯನ್ನು ಚೆನ್ನಾಗಿ ನುಡಿಸಬಲ್ಲವನೊಬ್ಬನಿಗಾಗಿ ಹುಡುಕುತ್ತಾರೆ. 18ನೇ ವಚನದಲ್ಲಿ ಒಬ್ಬನು ಸೂಚಿಸುವುದು ಇಷಯನ ಮಗ ದಾವೀದನನ್ನೇ. ದೇವರು ಹೃದಯ ನೋಡಿ ಆರಿಸಿದ ಹುಡುಗನೂ ಕೈ ಪಳಗಿದ ಹುಡುಗನೂ ಒಬ್ಬನೇ! ಮುಂದೆ ದೇವಾಲಯದ ಹಾಡುಗಾರರ ಲೆಕ್ಕ ಬರುವಾಗಲೂ (1 ಪೂರ್ವಕಾಲವೃತ್ತಾಂತ 25:7) ಎಣಿಸಿರುವುದು ತರಬೇತಾದವರನ್ನು: 288 ಮಂದಿ.

ಆದರೆ ಅಭ್ಯಾಸ ಯಾರಿಗಾಗಿ ಎಂಬುದನ್ನು ನಾನು ಕಲಿತದ್ದು ಮುಖಭಂಗವಾದ ಮೇಲೆ. ಒಂದು ಕ್ರಿಸ್ಮಸ್‌ಗೆ ನಾವು ಹನ್ನೆರಡು ಮಂದಿ ಆರು ವಾರ ಕೂತು ನಾಲ್ಕು ಸ್ವರಶ್ರೇಣಿಗಳಲ್ಲಿ (ಏರುತಗ್ಗಿನ ನಾಲ್ಕು ದನಿಗಳು ಒಟ್ಟಿಗೆ ಹಾಡುವ ಕ್ರಮ) ಹಳೆಯ ಗೀತೆಯೊಂದನ್ನು ಕಲಿತೆವು. ನಮ್ಮ ದನಿಗೆ ಮೆರುಗು ಬರಲೆಂದು ಶ್ರುತಿಯನ್ನೂ ಏರಿಸಿಕೊಂಡೆವು. ಮೂರನೆಯ ಬೆಂಚಿನಲ್ಲಿ ಪುಸ್ತಕವೇ ಬೇಡದ ಅಜ್ಜಿಯೊಬ್ಬರು ಕೂರುತ್ತಿದ್ದರು. ಹಾಡಿನ ಮೂರನೆಯ ಸಾಲು ಮೇಲಕ್ಕೆ ಹತ್ತಿದಾಗ ಅವರು ಬಾಯಿ ಮುಚ್ಚಿದ್ದನ್ನು ಕಂಡೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಇಡೀ ಸಭೆಯಲ್ಲಿ ಹಾಡುತ್ತಿದ್ದವರು ನಾವು ಹನ್ನೆರಡು ಮಂದಿ ಮಾತ್ರ. ಹೊರಗೆ ಬಾಗಿಲಲ್ಲಿ ಅಜ್ಜಿ, "ಚೆನ್ನಾಗಿ ಹಾಡಿದಿರಿ ಕಣಪ್ಪ, ನಮಗೇ ಎಟುಕಲಿಲ್ಲ" ಎಂದರು. ಮುಂದಿನ ವಾರ ಬಿಳಿ ನಾಲ್ಕರಲ್ಲಿದ್ದ (ನಾಲ್ಕನೆಯ ಬಿಳಿ ಕೀಲಿ) ಶ್ರುತಿ ಬಿಳಿ ಎರಡಕ್ಕೆ ಇಳಿಯಿತು. ಹಾಡು ಚೆನ್ನಾಗಿ ಬಂತೇ ಎಂದು ಈಗ ನಾನು ತಿಳಿಯುವುದು ಮೂರನೆಯ ಬೆಂಚನ್ನು ನೋಡಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಕಾಲದಿಂದ ನಾವು ಹಾಡುತ್ತಿರುವ ಎಷ್ಟೋ ಗೀತೆಗಳ ರಾಗ ಯುರೋಪಿನದು. ನಮ್ಮ ಹ್ರಸ್ವ ದೀರ್ಘಗಳು ಆ ರಾಗಕ್ಕೆ ಎಲ್ಲ ಕಡೆಯೂ ಒಗ್ಗುವುದಿಲ್ಲ. ಎಚ್ಚರ ತಪ್ಪಿದರೆ ಕರುಣೆ 'ಕರೂಣೆ'ಯಾಗುತ್ತದೆ, ಮಗನು 'ಮಗಾನು' ಆಗುತ್ತಾನೆ. (ನಿಘಂಟಿನ ಕಿಟ್ಟೆಲ್ 1862ರಲ್ಲೇ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದಿದ್ದರು. ಆ ದಾರಿಯಲ್ಲಿ ನಾವು ಇನ್ನಷ್ಟು ದೂರ ನಡೆಯಬಹುದಿತ್ತು.) ಅದಕ್ಕೇ ನಮ್ಮಲ್ಲಿ ಮೊದಲು ಚರಣವನ್ನು ಗದ್ಯದಂತೆ ಜೋರಾಗಿ ಓದಿಸುತ್ತೇನೆ, ರಾಗ ಆಮೇಲೆ. ಅರ್ಥ ಬಾಯಿಗೆ ಹತ್ತಿದ ಮೇಲೆ ಎಳೆಯಬಾರದ ಅಕ್ಷರವನ್ನು ಎಳೆಯಲು ಅವರಿಗೇ ಮುಜುಗರವಾಗುತ್ತದೆ.

ಉಳಿದದ್ದು ಸಣ್ಣಪುಟ್ಟ ಕೆಲಸ. ಪರದೆಯ ಮೇಲಿನ ಚರಣವನ್ನು ಹಿಂದಿನ ಸಾಲು ಮುಗಿಯುವ ಮೊದಲೇ ಬದಲಿಸಬೇಕು. ವೇದಪಾಠ (ಆ ದಿನದ ಬೈಬಲ್ ಭಾಗ) ಓದುವವರು ಹೆಸರುಗಳನ್ನು ಮನೆಯಲ್ಲೇ ಒಮ್ಮೆ ಉಚ್ಚರಿಸಿ ಬರಬೇಕು. ಮೈಕಿಗೆ ಬಾಯಿ ಹಚ್ಚಿ ಕಿರುಚುವವರಿಗೆ ಮೆಥಡಿಸ್ಟ್ ಪಂಥವನ್ನು ಕಟ್ಟಿದ ಜಾನ್ ವೆಸ್ಲಿಯನ್ನು ತೋರಿಸಿ. ಮನಸಾರೆ ಹಾಡಿ, ಆದರೆ ಉಳಿದವರ ದನಿ ಮುಚ್ಚಿಹೋಗುವಂತೆ ಅರಚಬೇಡಿ ಎಂದು 1761ರಲ್ಲೇ, ಮೈಕೇ ಇಲ್ಲದ ಕಾಲದಲ್ಲಿ, ಅವರು ಬರೆದಿಟ್ಟಿದ್ದಾರೆ.

ಬಾರದವರ ಜೊತೆ ವಾದಕ್ಕೆ ಇಳಿಯಬೇಡಿ. ನಾನು ಹಾಡಿನ ಪಟ್ಟಿಯನ್ನು ಬುಧವಾರವೇ ವಾಟ್ಸಾಪ್‌ನಲ್ಲಿ ಕಳುಹಿಸುತ್ತೇನೆ, ಅಭ್ಯಾಸವನ್ನು ಮುಕ್ಕಾಲು ಗಂಟೆಗೆ ಮುಗಿಸುತ್ತೇನೆ. ಶನಿವಾರ ಬಾರದವರು ಭಾನುವಾರ ಬೆಂಚಿನಲ್ಲಿ ಎಲ್ಲರೊಡನೆ ಕೂತು ಹಾಡುತ್ತಾರೆ. ಮುನಿಸಿಲ್ಲ, ಮೈಕೂ ಇಲ್ಲ. ಕಳೆದ ಶನಿವಾರ ಅವರಲ್ಲಿ ಇಬ್ಬರು ಬಂದರು, ಒಬ್ಬರು ಇಪ್ಪತ್ತು ನಿಮಿಷ ತಡವಾಗಿ.