ಪ್ರತಿ ಪದದ ಅರ್ಥ ಗೊತ್ತದ, ವಾಕ್ಯ ಮಾತ್ರ ತಿಳಿಯಂಗಿಲ್ಲ

ಕೆಲಸ, ಸಂಸಾರದ ನಡುವೆ ಪದವಿ ಓದುತ್ತಿರುವವರ ಇಂಗ್ಲಿಷ್ ಪ್ರಶ್ನೆಗಳಿಗೆ ನಿವೃತ್ತ ಇಂಗ್ಲಿಷ್ ಅಧ್ಯಾಪಕರ ಉತ್ತರ

ಪ್ರಶ್ನೆ: ಸರ್, ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ವಯಸ್ಸು 37. ಪಿಯುಸಿ ಆಗಿ ಭಾಳ ವರ್ಷದ ಮ್ಯಾಲ ದೂರಶಿಕ್ಷಣದಾಗ ಬಿ.ಎ.ಗೆ ಸೇರೀನಿ. ಇತಿಹಾಸ, ಸಮಾಜಶಾಸ್ತ್ರ ಕನ್ನಡದಾಗ ಬರೀತೀನಿ, ಅದಕ್ಕ ತೊಂದ್ರಿ ಇಲ್ಲ. ಇಂಗ್ಲಿಷ್ ಪೇಪರಿನಾಗ ಒಂದು ಪ್ಯಾಸೇಜ್ ಕೊಟ್ಟು ಕೆಳಗ ಪ್ರಶ್ನೆ ಕೇಳ್ತಾರಲ್ಲ, ಅಲ್ಲೇ ಸಿಕ್ಕಿಹಾಕ್ಕೋತೀನಿ. ಮನ್ಯಾಗ ಓದುವಾಗ ಡಿಕ್ಷನರಿ ನೋಡಿ ಪ್ರತಿ ಪದದ ಮ್ಯಾಲ ಪೆನ್ಸಿಲ್ಲಿಂದ ಅರ್ಥ ಬರ್ಕೋತೀನಿ. ಪದ ಎಲ್ಲಾ ಗೊತ್ತಾಗ್ತಾವ, ವಾಕ್ಯ ಏನು ಹೇಳ್ತದ ಅಂತ ಮಾತ್ರ ತಿಳಿಯಂಗಿಲ್ಲ. ಗೈಡ್ ಬಾಯಿಪಾಠ ಮಾಡಿದ್ರ ನಡೀತದೇನ್ರಿ? ಇಲ್ಲಾ ಗ್ರಾಮರ್ ಮೊದಲಿಂದ ಕಲೀಬೇಕೇನು?

ಉತ್ತರ: ತಂಗಿ, ಗೈಡ್ ಬದಿಗಿಡಿ. ಪರೀಕ್ಷೆಯಲ್ಲಿ ಬರುವ ಪ್ಯಾಸೇಜ್ ನೀವು ಎಂದೂ ಕಂಡಿರದ್ದು. ಕಾಣದ್ದನ್ನು ಬಾಯಿಪಾಠ ಮಾಡುವುದು ಹೇಗೆ? ಗ್ರಾಮರ್ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದು ಕೂಡುವುದೂ ಬೇಡ. ಹಾಗೆ ಕೂತವರು ಸಾಮಾನ್ಯವಾಗಿ 'ಟೆನ್ಸ್' ಪಾಠ ದಾಟುವುದರೊಳಗೆ ಪುಸ್ತಕ ಅಟ್ಟಕ್ಕೆ ಹಾಕಿರುತ್ತಾರೆ.

ನಿಮ್ಮ ತೊಂದರೆ ಎಲ್ಲಿದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ. ಪದ ಗೊತ್ತು, ವಾಕ್ಯ ಗೊತ್ತಿಲ್ಲ. ಅಂದರೆ ಕೊರತೆ ಇರುವುದು ಪದಗಳಲ್ಲಲ್ಲ, ಪದಗಳು ಕೂತಿರುವ ಸಾಲನ್ನು ಬಿಡಿಸುವುದರಲ್ಲಿ. ಒಂದು ವಾಕ್ಯ ತೆಗೆದುಕೊಳ್ಳೋಣ:

"ದ ಫಾರ್ಮರ್ಸ್ ಹೂ ಸೋಲ್ಡ್ ದೇರ್ ತೂರ್ ಅರ್ಲಿ ಗಾಟ್ ಎ ಲೋ ಪ್ರೈಸ್."

ನಿಮ್ಮ ಪೆನ್ಸಿಲ್ ಕ್ರಮದಲ್ಲಿ ಬರೆದರೆ ಹೀಗಾಗುತ್ತದೆ: ರೈತರು – ಯಾರು – ಮಾರಿದರು – ತಮ್ಮ – ತೊಗರಿ – ಬೇಗ – ಪಡೆದರು – ಕಡಿಮೆ – ಬೆಲೆ. ಒಂದು ಪದದ ಅರ್ಥವೂ ತಪ್ಪಿಲ್ಲ, ಆದರೆ ವಾಕ್ಯ ಕೈಗೆ ಬರಲಿಲ್ಲ. "ರೈತರು ಯಾರು?" ಎಂದು ಯಾರೋ ಕೇಳಿದಂತಿದೆ. ಮುಂದೆ ಮಾರಿದರು, ಪಡೆದರು ಎಂಬ ಎರಡು ಕ್ರಿಯಾಪದ ಬಂದು ಯಾವುದನ್ನು ಹಿಡಿಯಬೇಕೋ ತಿಳಿಯುವುದಿಲ್ಲ.

ಇದನ್ನೇ ನೀವು ಮನೆಯಲ್ಲಿ ಹೇಳುವುದಾದರೆ "ಲಗೂನ ತೊಗರಿ ಮಾರಿದ ರೈತರಿಗೆ ಕಮ್ಮಿ ರೇಟ್ ಸಿಕ್ತು" ಅನ್ನುತ್ತೀರಿ. ಎಂಥ ರೈತರು ಎಂಬ ವಿವರ ಕನ್ನಡದಲ್ಲಿ 'ರೈತರು' ಎನ್ನುವುದಕ್ಕೆ ಮೊದಲೇ ಬರುತ್ತದೆ. ಇಂಗ್ಲಿಷಿನಲ್ಲಿ ಮೊದಲು ರೈತರು, ಆಮೇಲೆ ಅವರ ವಿವರ. ಆ ವಿವರ ಶುರುವಾಯಿತು ಎಂದು ತಿಳಿಸುವುದಷ್ಟೇ ಅಲ್ಲಿನ 'ಹೂ' ಕೆಲಸ. ವಾಕ್ಯದ ನಡುವೆ ಬರುವ 'ವಿಚ್', 'ದ್ಯಾಟ್', 'ಹೂಸ್', 'ವೇರ್' ಕೂಡ ಹೆಚ್ಚಾಗಿ ಇದೇ ಕೆಲಸ ಮಾಡುತ್ತವೆ.

ಆದ್ದರಿಂದ ಪೆನ್ಸಿಲ್ ಇಟ್ಟುಕೊಳ್ಳಿ, ಅರ್ಥ ಬರೆಯಲಿಕ್ಕಲ್ಲ, ಕಂಸ ಹಾಕಲಿಕ್ಕೆ. 'ಹೂ' ಇಂದ 'ಅರ್ಲಿ' ತನಕ ಕಂಸದೊಳಗೆ ಹಾಕಿ, ಅದನ್ನು ಬಿಟ್ಟು ಓದಿ: "ದ ಫಾರ್ಮರ್ಸ್ ಗಾಟ್ ಎ ಲೋ ಪ್ರೈಸ್." ರೈತರಿಗೆ ಕಡಿಮೆ ಬೆಲೆ ಸಿಕ್ಕಿತು. ವಾಕ್ಯ ತಾನಾಗಿ ನಿಂತಿತು ಅಂದರೆ ಕಂಸ ಸರಿಯಾದ ಜಾಗದಲ್ಲಿದೆ, 'ಗಾಟ್' ಎಂಬುದೇ ಮುಖ್ಯ ಕ್ರಿಯಾಪದ. ಇನ್ನು ಕಂಸ ತೆರೆದು ಎಂಥ ರೈತರು ಎಂದು ನೋಡಿಕೊಳ್ಳಿ. ಪದವಿ ಪಠ್ಯದ ನಾಲ್ಕು ಸಾಲಿನ ವಾಕ್ಯವೂ ಇಷ್ಟೇ. ಕಂಸಗಳು ಎರಡು ಮೂರು ಆಗುತ್ತವೆ, ಒಮ್ಮೊಮ್ಮೆ ಒಂದರೊಳಗೆ ಇನ್ನೊಂದು ಇರುತ್ತದೆ.

ಇನ್ನೊಂದು ಅಭ್ಯಾಸ ನಮ್ಮೆಲ್ಲರ ಕಣ್ಣಿಗೂ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಓದುತ್ತಾ ಓದುತ್ತಾ ಕೊನೆಗೆ ಏನಾಯಿತು ಅಂತ ಕಾಯುತ್ತೇವೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬಂದು ಹೋಗಿರುತ್ತದೆ, ಕೊನೆಯಲ್ಲಿ ಊರು, ವರ್ಷ, ಕಾರಣ ಮಾತ್ರ ಉಳಿದಿರುತ್ತವೆ. ಆ ವಿವರಗಳಲ್ಲೇ ಸಿಕ್ಕವರಿಗೆ ಯಾರು ಏನು ಮಾಡಿದರು ಎಂಬುದು ಕೈತಪ್ಪುತ್ತದೆ. ಹೀಗಾಗಿ ಉದ್ದ ವಾಕ್ಯ ಕಂಡ ಕೂಡಲೇ ಎರಡೇ ಪ್ರಶ್ನೆ: ಯಾರು? ಏನು ಮಾಡಿದರು? ಎರಡಕ್ಕೂ ಅಡಿಗೆರೆ ಎಳೆದ ಮೇಲೆ ಉಳಿದದ್ದನ್ನು ನಿಧಾನವಾಗಿ ನೋಡಿದರಾಯಿತು.

ಈಗ ಅಂಕ ಹೋಗುವ ಜಾಗಕ್ಕೆ ಬರೋಣ. ಪ್ರಶ್ನೆಪತ್ರಿಕೆ ತೆಗೆಯುವವರು ಪ್ರಶ್ನೆ ಹುಡುಕುವುದು ದೊಡ್ಡ ಪದಗಳಲ್ಲಲ್ಲ, ಸಣ್ಣ ಪದಗಳಲ್ಲಿ. ನಾನೂ ಪ್ರಶ್ನೆಪತ್ರಿಕೆ ತೆಗೆದಿದ್ದೇನೆ, ಹಾಗಾಗಿ ಹೇಳುತ್ತೇನೆ. 'ಆಲ್ದೋ', 'ಡಿಸ್ಪೈಟ್', 'ಹೌಎವರ್', 'ಅನ್‌ಲೆಸ್', 'ದೇರ್‌ಫೋರ್', 'ವೇರ್‌ಆ್ಯಸ್' ಕಂಡಲ್ಲಿ ಮಾತು ತಿರುಗುತ್ತದೆ, ಇಲ್ಲವೇ ಕಾರಣದಿಂದ ಪರಿಣಾಮಕ್ಕೆ ದಾಟುತ್ತದೆ. "ದ ಬಸ್ ವಿಲ್ ನಾಟ್ ಸ್ಟಾಪ್ ಅನ್‌ಲೆಸ್ ಯು ರೇಸ್ ಯುವರ್ ಹ್ಯಾಂಡ್" ಎಂಬ ವಾಕ್ಯ ಕೊಟ್ಟು, ಕೈ ಎತ್ತಿದರೆ ಬಸ್ ನಿಲ್ಲುತ್ತದೆಯೇ ಎಂದು ಕೇಳಿದರೆ ತರಗತಿಯ ಅರ್ಧ ಜನ ತಡವರಿಸುತ್ತಾರೆ. 'ನಾಟ್' ಕಣ್ಣಿಗೆ ಬಿದ್ದಿರುತ್ತದೆ, 'ಅನ್‌ಲೆಸ್' ಒಳಗೆ ಇನ್ನೊಂದು 'ಇಲ್ಲ' ಅಡಗಿರುವುದು ಬಿದ್ದಿರುವುದಿಲ್ಲ. ಕೈ ಎತ್ತದಿದ್ದರೆ ನಿಲ್ಲುವುದಿಲ್ಲ ಎಂದು ಬಿಡಿಸಿಕೊಂಡರೆ ಉತ್ತರ ಬಾಯಿಗೇ ಬರುತ್ತದೆ.

'ಫ್ಯೂ' ಮತ್ತು 'ಎ ಫ್ಯೂ' ಜೋಡಿಯೂ ಹೀಗೇ. "ಎ ಫ್ಯೂ ಪೀಪಲ್ ಕೇಮ್" ಅಂದರೆ ನಾಲ್ಕು ಮಂದಿಯಾದರೂ ಬಂದರು. "ಫ್ಯೂ ಪೀಪಲ್ ಕೇಮ್" ಅಂದರೆ ಬಂದವರೇ ಕಡಿಮೆ. ಒಂದಕ್ಷರಕ್ಕೆ ಬರೆದವರ ಧೋರಣೆಯೇ ಬದಲಾಯಿತು. ಇಂಥ ಪದಗಳು ಮೂವತ್ತು ನಲವತ್ತು ಇರಬಹುದು. ಇವನ್ನು ಮಾತ್ರ ಒಂದು ವಹಿಯಲ್ಲಿ, ಪ್ರತಿಯೊಂದಕ್ಕೂ ನಿಮ್ಮ ಊರಿನ ಒಂದು ವಾಕ್ಯದೊಂದಿಗೆ ಬರೆದಿಟ್ಟುಕೊಳ್ಳಿ. ನಾನು ಬಾಯಿಪಾಠ ಮಾಡಿ ಎನ್ನುವುದು ಇಷ್ಟನ್ನೇ.

ಹಾಗಾದರೆ ಪದಸಂಪತ್ತು ಬೇಡವೇ ಅನ್ನಬೇಡಿ. ಬೇಕು, ಆದರೆ ಅದಕ್ಕೊಂದು ಲೆಕ್ಕವಿದೆ. ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞ 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳದ ಬಹಳ ಮಕ್ಕಳು ಶಾಲೆ ಅರ್ಧಕ್ಕೆ ಬಿಡುತ್ತಾರೆ, ಅವರ ಕೈಯಲ್ಲಿ ಕೊನೆಗೂ ಉಳಿಯುವಂಥದ್ದು ಓದುವ ಶಕ್ತಿ, ಅದನ್ನೇ ಮೊದಲು ಕಲಿಸಿ ಎಂದು ವಾದಿಸಿದವರು ಅವರು. ಮುಂದೆ 1953ರಲ್ಲಿ ಅತಿ ಹೆಚ್ಚು ಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಪದವಿ ಪಠ್ಯದ ಮಟ್ಟಿಗೆ ಇನ್ನೊಂದು ಪಟ್ಟಿ ಇದೆ. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಕೊಟ್ಟದ್ದು, ಒಟ್ಟು 570 ಪದಕುಟುಂಬಗಳು, ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳು. ಯಾವ ವಿಷಯದ ಪಠ್ಯ ತೆಗೆದರೂ ಅದರಲ್ಲಿ ಹತ್ತರಲ್ಲೊಂದು ಪದ ಸುಮಾರಾಗಿ ಈ ಪಟ್ಟಿಯದೇ: 'ಅನಲೈಸ್', 'ಫ್ಯಾಕ್ಟರ್', 'ಪಾಲಿಸಿ', 'ಸಿಗ್ನಿಫಿಕೆಂಟ್' ಇತ್ಯಾದಿ. ಎರಡೂ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಾಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಯ ಫುಟ್‌ಪಾತಿನಲ್ಲಿ ಸಿಗುವ 'ಮೂವತ್ತು ದಿನದಲ್ಲಿ ಇಂಗ್ಲಿಷ್' ಪುಸ್ತಕಕ್ಕೆ ದುಡ್ಡು ಹಾಕಬೇಡಿ.

ದಿನದ ಓದಿಗೆ ಏನು ಆರಿಸಬೇಕು? ನಿಮ್ಮ ಪಠ್ಯಪುಸ್ತಕಕ್ಕಿಂತ ಸುಲಭವಾದದ್ದು. ಇದು ಹೇಳಿದರೆ ದೊಡ್ಡವರಿಗೆ ಸಂಕೋಚವಾಗುತ್ತದೆ, ಮಕ್ಕಳ ಪುಸ್ತಕ ಹಿಡಿದು ಕೂಡುವುದೇ ಅಂತ. ಆದರೆ ಡಿಕ್ಷನರಿ ಇಲ್ಲದೆ ಆರಾಮಾಗಿ ಅರ್ಥವಾಗಬೇಕಾದರೆ ನೂರು ಪದದಲ್ಲಿ 98 ಪರಿಚಿತವಾಗಿರಬೇಕು ಎಂಬುದು ಈ ವಿಷಯದ ಸಂಶೋಧಕರು ಸಾಮಾನ್ಯವಾಗಿ ಒಪ್ಪುವ ಅಳತೆ. 250 ಪದದ ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಐದಕ್ಕಿಂತ ಹೆಚ್ಚಿದ್ದರೆ ಅದು ಪಾಠ ಮಾಡಿಸಿಕೊಳ್ಳುವ ಪುಸ್ತಕ, ಒಬ್ಬರೇ ಕೂತು ಓದುವ ಪುಸ್ತಕವಲ್ಲ.

ನಿಮಗಂತೂ ಇದರಲ್ಲಿ ಅನುಕೂಲವಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮಕ್ಕಳ ಕಥೆಗಳು ಪುಕ್ಕಟೆ ಇವೆ, ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಮಧ್ಯಾಹ್ನ ಅಂಗನವಾಡಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿದ ಕಥೆಯನ್ನೇ ರಾತ್ರಿ ನೀವು ಇಂಗ್ಲಿಷಿನಲ್ಲಿ ಓದಿ. ಮಟ್ಟ ಒಂದರಿಂದ ನಾಲ್ಕರವರೆಗೆ ಏರುತ್ತಾ ಹೋಗಿ. ಆಮೇಲೆ ರಾಜ್ಯ ಪಠ್ಯಕ್ರಮದ ಏಳು, ಎಂಟನೇ ತರಗತಿಯ ಇಂಗ್ಲಿಷ್ ಮಾಧ್ಯಮದ ಸಮಾಜ ವಿಜ್ಞಾನ ಪುಸ್ತಕಕ್ಕೆ ಬನ್ನಿ. ಇಂಗ್ಲಿಷ್ ಪಠ್ಯ ಅಲ್ಲ, ಸಮಾಜ ವಿಜ್ಞಾನ ಎಂದೇ ಹೇಳುತ್ತಿದ್ದೇನೆ. ಬಹಮನಿಗಳು, ಬಸವಣ್ಣನವರು, ಗ್ರಾಮ ಪಂಚಾಯಿತಿ ನಿಮಗೆ ಕನ್ನಡದಲ್ಲಿ ಗೊತ್ತಿರುವ ವಿಷಯ, ಬಿ.ಎ.ಯಲ್ಲಿ ಓದುತ್ತಿರುವ ವಿಷಯ. ಗೊತ್ತಿರುವ ಸಂಗತಿ ಗೊತ್ತಿಲ್ಲದ ಭಾಷೆಯನ್ನು ಎಳೆದುಕೊಂಡು ಹೋಗುತ್ತದೆ.

ವಯಸ್ಸಿನ ಲಾಭ ಇರುವುದೇ ಇಲ್ಲಿ. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ಎತ್ತರ, ತೂಕ ತುಂಬುವ ನಿಮಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಗು ಯಾವುದು, ಎತ್ತರಕ್ಕೆ ತಕ್ಕ ತೂಕವಿಲ್ಲದ ಮಗು ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ಅಪೌಷ್ಟಿಕತೆಯ ಬಗ್ಗೆ ಪ್ಯಾಸೇಜ್ ಬಂದು ಅದರಲ್ಲಿ ಇವಕ್ಕೇ ಕ್ರಮವಾಗಿ 'ಸ್ಟಂಟಿಂಗ್', 'ವೇಸ್ಟಿಂಗ್' ಎಂದಿದ್ದರೆ ಹದಿನೆಂಟರ ಹುಡುಗ ಕಕ್ಕಾಬಿಕ್ಕಿಯಾಗುತ್ತಾನೆ. ನೀವು ಆಗುವುದಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಮಾಡುವುದು ಸ್ವಲ್ಪವೇ. ಮೊದಲು ಪ್ರಶ್ನೆ ಓದಿ, ಆಮೇಲೆ ಪ್ಯಾಸೇಜ್. 'ಇಟ್', 'ದಿಸ್', 'ದೇ' ಯಾರನ್ನು, ಯಾವುದನ್ನು ತೋರಿಸುತ್ತವೆ ಎಂದು ಬಾಣ ಹಾಕಿ ಹಿಂದಿನ ಸಾಲಿಗೆ ಜೋಡಿಸಿ. ಉತ್ತರ ಇದೆ ಎನಿಸಿದ ಸಾಲನ್ನು ಇದ್ದದ್ದು ಇದ್ದ ಹಾಗೇ ಇಳಿಸಬೇಡಿ, ಪ್ರಶ್ನೆ ಕೇಳಿದಷ್ಟನ್ನೇ ಬರೆಯಿರಿ. ಗೊತ್ತಿಲ್ಲದ ಪದ ಬಂದರೆ ಅಲ್ಲೇ ನಿಲ್ಲದೆ ಮುಂದಿನ ಎರಡು ಸಾಲು ಓದಿ, ಬರೆದವರು ತಾವೇ ಅಲ್ಲಿ ಬಿಡಿಸಿ ಹೇಳಿರುವುದು ಉಂಟು.

ಪ್ರಶ್ನೆ: ನಾವು ಬೀದರಿನವರು. ಮನೆಮಾತು ದಖ್ಖನಿ, ಹತ್ತನೇವರೆಗೆ ಉರ್ದು ಮಾಧ್ಯಮ. ಈಗ ಬಿ.ಕಾಂ. ಎರಡನೇ ವರ್ಷ, ವಯಸ್ಸು 29. ನಿಮ್ಮ ಸಲಹೆಗಳೆಲ್ಲ ಕನ್ನಡ ಮಾಧ್ಯಮದವರಿಗೇ ಇರುತ್ತವೆ. ನನ್ನಂಥವರಿಗೆ ಏನು ಹೇಳುತ್ತೀರಿ? ಓದುವ ವೇಗವೂ ಬಹಳ ಕಡಿಮೆ.

ಉತ್ತರ: ನಿಮ್ಮ ಮಾತು ಒಪ್ಪಿದೆ, ಬೀದರಿನಲ್ಲಿ ನಾಲ್ಕು ಭಾಷೆ ಕೇಳದೆ ಬಸ್ ಸ್ಟ್ಯಾಂಡ್ ದಾಟುವುದೂ ಕಷ್ಟ. ಮೇಲಿನ ಉತ್ತರದ 'ಹೂ' ವಿಷಯ ನಿಮಗೆ ಇನ್ನೂ ಸುಲಭ. ಮನೆಯಲ್ಲಿ ನೀವು "ಕಲ್ ಆಯೇ ಸೋ ಆದ್ಮಿ" ಅನ್ನುತ್ತೀರಿ. ಇದು ನೆರೆಯ ಕನ್ನಡ, ತೆಲುಗಿನ ಜಾಡು, 'ನಿನ್ನೆ ಬಂದ ಮನುಷ್ಯ' ಎಂಬಂತೆಯೇ. ಆದರೆ ಶಾಲೆಯಲ್ಲಿ ಓದಿದ ಪುಸ್ತಕದ ಉರ್ದುವಿನಲ್ಲಿ "ವೋ ಆದ್ಮಿ ಜೋ ಕಲ್ ಆಯಾ" ಎಂದಿದೆ. ಅಲ್ಲಿನ 'ಜೋ' ಇರುವ ಜಾಗದಲ್ಲೇ ಇಂಗ್ಲಿಷಿನ 'ಹೂ' ಇರುತ್ತದೆ. ಉದ್ದ ವಾಕ್ಯ ಬಂದಾಗ ಅದನ್ನು ಮನೆಮಾತಿಗೆ ತರಲು ಹೋಗದೆ ಪುಸ್ತಕದ ಉರ್ದುವಿನಲ್ಲಿ ಯೋಚಿಸಿ ನೋಡಿ, ಅರ್ಧ ಗಂಟು ಬಿಚ್ಚುತ್ತದೆ. ಮರಾಠಿ ಓದಿದ ಭಾಲ್ಕಿ, ಬಸವಕಲ್ಯಾಣದ ಕಡೆಯವರಿಗೂ ಇದೇ ಮಾತು, ಅಲ್ಲೂ 'ಜೋ' ಇದೆ.

ವೇಗದ ವಿಷಯ ಬೇರೆ. ಬಲದಿಂದ ಎಡಕ್ಕೆ ಓದಿ ಬೆಳೆದವರು ಇಂಗ್ಲಿಷ್ ಓದಲು ಕಷ್ಟ ಎಂದು ದಿಕ್ಕನ್ನು ದೂರುವುದುಂಟು, ನನಗದು ಅಷ್ಟು ದೊಡ್ಡ ಕಾರಣವಾಗಿ ಕಂಡಿಲ್ಲ. ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡುತ್ತವೆ. ಅಕ್ಷರ ಕೂಡಿಸಿ ಉಚ್ಚಾರ ಹುಡುಕುವುದರಲ್ಲೇ ತಲೆ ದಣಿದರೆ ಅರ್ಥಕ್ಕೆ ಶಕ್ತಿ ಉಳಿಯುವುದಿಲ್ಲ. ಒಂದು ಸಣ್ಣ ಪ್ಯಾರಾ ಆರಿಸಿ. ಅದನ್ನೇ ಮೂರು ನಾಲ್ಕು ಸಲ ಮೊಬೈಲಿನ ಗಡಿಯಾರ ಇಟ್ಟು ಓದಿ, ಅದರ ಧ್ವನಿ ಸಿಕ್ಕರೆ ಕೇಳುತ್ತಾ ಓದಿ. ನಾಳೆ ಬೇರೆ ಪ್ಯಾರಾ. ಬಿ.ಕಾಂ. ಆದ್ದರಿಂದ ಬ್ಯಾಂಕಿನ ಖಾತೆಯ ನಿಯಮ, ಜಿಎಸ್‌ಟಿ ಬಿಲ್ಲಿನ ಹಿಂದಿನ ಷರತ್ತು, ವಿಮೆಯ ಪತ್ರ ಎಲ್ಲವೂ ನಿಮಗೆ ಪಠ್ಯವೇ.

ಪ್ರಶ್ನೆ: ಯಾದಗಿರಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದೇನೆ. ಓದಲು ಸಮಯ ಸಿಗುವುದು ಡಿಪೊದಲ್ಲಿ ಕಾಯುವಾಗ ಮಾತ್ರ. ಮೊಬೈಲಿನಲ್ಲಿ ಫೋಟೊ ಹೊಡೆದರೆ ಇಡೀ ಪುಟ ಕನ್ನಡಕ್ಕೆ ಬರುತ್ತದೆ. ಹಾಗೆ ಓದಿದರೆ ಸಾಕಲ್ಲವೇ?

ಉತ್ತರ: ವಿಷಯ ತಿಳಿಯಲು ಸಾಕು, ಇಂಗ್ಲಿಷ್ ಓದು ಕಲಿಯಲು ಸಾಲದು. ಪರೀಕ್ಷೆಗೆ ಮೊಬೈಲ್ ಒಳಗೆ ಬಿಡುವುದಿಲ್ಲ ಎಂಬುದು ಒಂದು. ಯಂತ್ರದ ಅನುವಾದ 'ಅನ್‌ಲೆಸ್', 'ಹಾರ್ಡ್ಲಿ' (ಇಲ್ಲವೆನ್ನುವಷ್ಟು ಕಡಿಮೆ) ಬಂದಲ್ಲಿ ಒಮ್ಮೊಮ್ಮೆ ತಲೆಕೆಳಗಾಗುತ್ತದೆ ಎಂಬುದು ಇನ್ನೊಂದು. ಕ್ರಮ ತಿರುಗಿಸಿ: ಮೊದಲು ಒಂದು ಪ್ಯಾರಾ ನೀವೇ ಓದಿ, ಏನು ಹೇಳಿದ್ದಾರೆ ಎಂದು ಕನ್ನಡದಲ್ಲಿ ಒಂದೇ ಸಾಲು ಟಿಕೆಟಿನ ಹಿಂದೆಯಾದರೂ ಬರೆಯಿರಿ, ಆಮೇಲೆ ಫೋಟೊ ಹೊಡೆದು ತಾಳೆ ನೋಡಿ. ಎರಡೂ ಹೊಂದದಿದ್ದರೆ ಮೂಲಕ್ಕೆ ಮರಳಿ, ಯಾವ ಪದದಲ್ಲಿ ಜಾರಿದಿರಿ ಎಂದು ಹುಡುಕಿ. ಸಮಯ ಕಡಿಮೆ ಎಂಬ ಚಿಂತೆ ಬೇಡ, ಇದಕ್ಕೆ ಹತ್ತು ನಿಮಿಷ ಸಾಕು. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಓದಿದ ಸುದ್ದಿಯನ್ನೇ ಸಂಜೆ ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ ಓದುವುದೂ ನಿಮ್ಮ ಡ್ಯೂಟಿಗೆ ಹೊಂದುತ್ತದೆ. ಕೃಷ್ಣಾ ನದಿಗೆ ನೀರು ಬಿಟ್ಟ ಸುದ್ದಿಯಿಂದ ಶುರು ಮಾಡಿ, ಅದರಲ್ಲಿ ಊರ ಹೆಸರೂ ಅಣೆಕಟ್ಟಿನ ಹೆಸರೂ ನಿಮಗೆ ಗೊತ್ತಿರುವವೇ. ಸಂಪಾದಕೀಯ ಪುಟದ ತಂಟೆಗೆ ಈ ಸೆಮಿಸ್ಟರ್ ಹೋಗಬೇಡಿ.